ಬೂದಿ ಕೇಳಿಕೊಂಡು ಮನೆಮನೆ ಅಲೆದ ಕಾರ್ತಿಕ

೧೯೪೩ನೇ ಇಸವಿ, ಕಾರ್ತಿಕ ಮಾಸದ ಒಂದು ಸೋಮವಾರ, ಬೆಳಿಗ್ಗೆ ಆರು ಗಂಟೆ. ಹಾಜರಿದ್ದವರು ನಾನು, ಆಯಾ ಸಾಕಮ್ಮ, ಮತ್ತು ನಮ್ಮಿಬ್ಬರ ನಡುವೆ ಬಕೆಟ್ಟಿನ ಮೇಲೆ ತಲೆಕೆಳಗಾಗಿ ಹಿಡಿದಿದ್ದ ಒಂದು ಫಿನಾಯಿಲ್ ಡಬ್ಬ. ಸಾಕಮ್ಮ ಅದರ ತಳಕ್ಕೆ ತಟ್ಟಿದಳು. ಒಂದು ತೊಟ್ಟು ಬಿತ್ತು. ಇನ್ನೊಂದು ಬೀಳಲಿಲ್ಲ.

ಇದೆಲ್ಲ ಈಗ ನೆನಪಾಗಲು ಮೊಮ್ಮಗಳು ಕಾರಣ. ಹೋದ ವಾರ ನೆಲ ಒರೆಸುವುದಕ್ಕೆಂದು ಅಂಗಡಿಯಿಂದ ಒಂದು ಸೀಸೆ ತಂದಳು. ರಾಸಾಯನಿಕ ಏನೂ ಇಲ್ಲದ್ದಂತೆ; ಮೇಲೆ ಅಂಟುವಾಳಕಾಯಿಯ ಚಿತ್ರ. ಮುಚ್ಚಳ ತೆಗೆದ ಕೂಡಲೇ ನೆನೆದ ಅಂಟುವಾಳದ ಆ ಹುಳಿ ವಾಸನೆ ಮೂಗಿಗೆ ಬಡಿಯಿತು. "ನಿಮ್ಮ ಕಾಲದಲ್ಲಿ ಎಲ್ಲಾ ಮನೆಯಲ್ಲೇ ಮಾಡ್ಕೊಳ್ತಿದ್ರಿ, ಎಷ್ಟು ಸುಲಭ ಅಲ್ವಾ ಅಜ್ಜಿ" ಎಂದಳು. ಸುಲಭ ಎಂಬ ಮಾತು ಕೇಳಿ ನನಗೆ ಆ ಕಾರ್ತಿಕದ ಸಿಟ್ಟು ಅಷ್ಟೂ ಮತ್ತೆ ಬಂತು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಆಗ ಮೈಸೂರಿನಲ್ಲಿ ಸೂಲಗಿತ್ತಿ ತರಬೇತಿ ಮುಗಿಸಿ ಮೊದಲ ಕೆಲಸಕ್ಕೆ ಬಂದಿದ್ದೆ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಒಂದು ಊರು, ಚಿಕ್ಕರಸಿನಕೆರೆಗೆ ದೂರವಲ್ಲ. ಊರಿನ ದೊಡ್ಡವರೊಬ್ಬರು ಕಟ್ಟಿಸಿಕೊಟ್ಟ ಹೆರಿಗೆ ಕೋಣೆ ಅದು. ನಾಲ್ಕು ಕಬ್ಬಿಣದ ಮಂಚ, ಗಾರೆ ನೆಲ, ಹಿಂದೆ ನೀರು ಕಾಯಿಸಲು ಒಂದು ಒಲೆಮನೆ, ಅದರ ಪಕ್ಕ ನನ್ನ ವಾಸದ ಕೋಣೆ. ವಾರಕ್ಕೊಮ್ಮೆ, ಗುರುವಾರ, ಮಳವಳ್ಳಿಯಿಂದ ಡಾಕ್ಟರು ಬಸ್ಸಿನಲ್ಲಿ ಬಂದು ನೋಡಿ ಹೋಗುತ್ತಿದ್ದರು. ಅದು ಇದ್ದಲಿನ ಹೊಗೆಯಿಂದ ಓಡುವ ಬಸ್ಸು. ಯುದ್ಧಕಾಲ, ಪೆಟ್ರೋಲಿಲ್ಲ. ಪೆಟ್ರೋಲಿಲ್ಲದ ಹಾಗೆಯೇ ಸೀಮೆಎಣ್ಣೆ ಇಲ್ಲ, ಒಳ್ಳೆಯ ಸೋಪಿಲ್ಲ, ವಾಷಿಂಗ್ ಸೋಡಾ ಇಲ್ಲ. ಈಗ ಫಿನಾಯಿಲೂ ಇಲ್ಲ.

ಬೇರೆ ತಿಂಗಳಾಗಿದ್ದರೆ ನಾನು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಆ ತಿಂಗಳು ಪುಟ್ಟತಾಯಿಯ ಹೆರಿಗೆ ಇತ್ತು. ಪಕ್ಕದ ಹಳ್ಳಿಯ ಒಕ್ಕಲಿನ ಮನೆಯ ಸೊಸೆ. ಮಾತು ಕಡಿಮೆಯ ಹುಡುಗಿ. ಮೊದಲ ಎರಡು ಮಕ್ಕಳೂ ಮನೆಯಲ್ಲೇ ಹುಟ್ಟಿ, ಎಂಟನೇ ದಿನ ದಾಟದೆ ಹೋಗಿದ್ದವು. ದವಡೆ ಬಿಗಿದುಕೊಂಡು, ಮೊಲೆ ಚೀಪಲಾರದೆ ಹೋದವು. ಮನೆಯವರು ಗಾಳಿ ಸೋಕು ಅಂದರು. ಹೊಕ್ಕಳಬಳ್ಳಿಯನ್ನು ಕುಡುಗೋಲಿನಿಂದ ಕೊಯ್ದು ಅದಕ್ಕೆ ಸಗಣಿ ಬೂದಿ ಮೆತ್ತಿದ್ದರು ಎಂಬುದು ಕೇಳಿದಾಗಲೇ ನನಗೆ ಯಾವ ಗಾಳಿ ಎಂದು ಗೊತ್ತಾಗಿತ್ತು: ಧನುರ್ವಾಯು. ಮಳೆಗಾಲವೆಲ್ಲ ಅವರ ಮನೆಗೆ ನಡೆದು, ಜಗುಲಿಯಲ್ಲಿ ಕೂತು, ಅತ್ತೆ ಕೆಂಪಮ್ಮನಿಗೆ ಹೇಳಿ ಹೇಳಿ, ಈ ಸಲ ಹೆರಿಗೆ ಕೋಣೆಗೆ ಕರೆತರಲು ಒಪ್ಪಿಸಿದ್ದೆ. ಒಪ್ಪಿದ್ದು ನನ್ನ ಮಾತಿಗಲ್ಲ. ಒಮ್ಮೆ ಕೋಣೆ ನೋಡಲು ಬಂದವಳು ಫಿನಾಯಿಲ್ ವಾಸನೆಗೆ ಸೆರಗು ಮುಚ್ಚಿಕೊಂಡು, ಈ ನಾತಕ್ಕೆ ಮನುಷ್ಯರೇ ನಿಲ್ಲಲಾರರು, ಗಾಳಿ ಎಲ್ಲಿ ನಿಂತೀತು, ಅಂದಿದ್ದಳು.

ಆ ಗುರುವಾರ ಡಾಕ್ಟರು ಬಂದಾಗ ಡಬ್ಬ ಖಾಲಿಯಾದದ್ದನ್ನು ಹೇಳಿದೆ. ಬರುವವರೆಗೆ ಕೋಣೆಗೆ ಬೀಗ ಹಾಕಿ ಅಂದರು. ಯಾವಾಗ ಬರುತ್ತದೆ ಎಂದೆ. ಸಿಪಾಯಿಗಳ ಆಸ್ಪತ್ರೆಗಳಿಗೆ ಹೋಗಿ ಮಿಕ್ಕರೆ ನಮಗೆ ಎಂದರು. ನಾನು ಬಿಡಲಿಲ್ಲ. ಬಿಸಿನೀರಿದೆ, ಸುಣ್ಣವಿದೆ, ಅಂಟುವಾಳವಿದೆ, ಬೂದಿಯ ತಿಳಿ ಇಳಿಸಿಕೊಂಡರೆ ಬಟ್ಟೆಯ ಜಿಡ್ಡು ನೆಲದ ಜಿಡ್ಡು ಎರಡೂ ಹೋಗುತ್ತವೆ, ಬಟ್ಟೆಯನ್ನು ಅದರಲ್ಲೇ ಕುದಿಸಿ ಬಿಸಿಲಿಗೆ ಹಾಕಿದರೆ ಫಿನಾಯಿಲಿಗಿಂತ ಏನೂ ಕಡಿಮೆಯಿಲ್ಲ ಎಂದೆ. ಅವರು ಕೈಗಡಿಯಾರ ನೋಡಿಕೊಂಡರು. ಮುಂದಿನ ವಾರ ಬಂದು ನೋಡುತ್ತೇನೆ, ಮಾಡಿ ತೋರಿಸಿ ಎಂದು ಬಸ್ಸು ಹತ್ತಿದರು.

ಸುಣ್ಣ ಸಿಕ್ಕಿತು. ಅಂಟುವಾಳ ಸಂತೆಯಲ್ಲಿ ಸಿಕ್ಕಿತು. ಪಾತ್ರೆಗಳಿಗೆ ಹುಣಸೆಹಣ್ಣು ಸಾಕಮ್ಮನ ಮನೆಯಲ್ಲೇ ಇತ್ತು. ಹಿತ್ತಲು ಹಿತ್ತಲಿನಲ್ಲೂ ಗುಡ್ಡೆ ಬಿದ್ದಿರುವ ಬೂದಿ ಮಾತ್ರ ಸಿಗಲಿಲ್ಲ.

ನಂಬುವುದು ಕಷ್ಟ, ಆದರೆ ಹಾಗೇ ಆಯಿತು. ನಮ್ಮ ಒಲೆಮನೆಯದು ಒಂದೆರಡು ಹಂಡೆ ನೀರಿಗೆ ಆಗುವಷ್ಟು ಸೌದೆ. ಆ ಬೂದಿ ಯಾವ ಮೂಲೆಗೂ ಸಾಲದು. ಡಾಕ್ಟರು ಬರುವ ಮೊದಲೇ, ಡಬ್ಬ ಖಾಲಿಯಾದ ಮರುದಿನವೇ, ಮೊದಲ ಮನೆಯ ಬಾಗಿಲಲ್ಲಿ ನಿಂತು ಒಂದು ಮಂಕರಿ ಬೂದಿ ಕೊಡಿ ಎಂದಿದ್ದೆ. ಯಾತಕ್ಕೆ ಎಂದರು. ಹೆರಿಗೆ ಕೋಣೆಯ ಬಟ್ಟೆ ಒಗೆಯಲು ಎಂದೆ. ಒಳಗಿನಿಂದ ಅಜ್ಜಿಯೊಬ್ಬಳು, ಇವತ್ತು ಮಂಗಳವಾರ, ಒಲೆಯದು ಏನೂ ಆಚೆ ಹೋಗುವಂತಿಲ್ಲ ಎಂದಳು. ಬುಧವಾರ ಹೋದೆ. ಬುಧವಾರ ನಿಜ ಹೊರಬಿತ್ತು. ಬಾಣಂತಿಯರ ಮೈಲಿಗೆ ಬಟ್ಟೆಗೆ ತಮ್ಮ ಒಲೆಯ ಬೂದಿ ಬಿದ್ದರೆ ಆ ಪುರುಡು, ಅಂದರೆ ಹೆರಿಗೆಯ ಸೂತಕ, ತಮ್ಮ ಒಲೆಗೇ ಬಂತು ಎಂದು ಲೆಕ್ಕವಂತೆ. ಎರಡನೇ ಮನೆ, ಮೂರನೇ ಮನೆ, ಕೇರಿ ಮುಗಿಯುವವರೆಗೆ ಇದೇ ಉತ್ತರ. ಕೊಡಲು ಮನಸ್ಸಿಲ್ಲದ ಜನ ಅವರಲ್ಲ. ಬಾಳೆಹಣ್ಣು ಕೊಟ್ಟರು, ಮಜ್ಜಿಗೆ ಕೊಟ್ಟರು. ನೆಲ ಸಾರಿಸಿಕೊಳ್ಳಿ ಎಂದು ಸಗಣಿಯನ್ನಂತೂ ಕೇಳದೆ ಕೊಟ್ಟರು. ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ನಾಲ್ಕು ಬುಟ್ಟಿ ಹಸೀ ಸಗಣಿ. ನಾನು ಯಾವುದನ್ನು ಕೋಣೆಯೊಳಗೆ ಕಾಲಿಡಲು ಬಿಡಬಾರದೋ ಅದು ಬೇಡವೆಂದರೂ ಬಂತು. ಯಾವುದು ಬೇಕೋ ಅದು ತಿಪ್ಪೆಯಲ್ಲಿ ಕೊಳೆಯುತ್ತಿತ್ತು. ಸಾಕಮ್ಮ ಸಗಣಿಯನ್ನು ಎತ್ತಿ ಹಾಕುತ್ತ, "ಪಾಪ, ಒಳ್ಳೆ ಮನಸ್ಸಲ್ಲಿ ಕೊಟ್ಟವ್ರೆ ಕಣಮ್ಮ" ಎಂದಳು. ಅವಳ ಮೇಲೂ ರೇಗಿದೆ.

ಶುಕ್ರವಾರ ಆಲೆಮನೆಗೆ ಹೋದೆ. ಬೆಲ್ಲದ ಒಲೆ ಯಾರ ಅಡುಗೆ ಒಲೆಯೂ ಅಲ್ಲವಲ್ಲ ಎಂದು ನನ್ನ ತರ್ಕ. ಆಲೆಮನೆಯವರು ಎರಡು ಗಾಡಿ ಬೇಕಾದರೂ ಒಯ್ಯಿರಿ ಎಂದರು. ಹೊತ್ತು ತಂದು, ಜರಡಿ ಹಿಡಿದು, ತಳಕ್ಕೆ ತೂತು ಹಾಕಿದ ಗಡಿಗೆಯಲ್ಲಿ ಹುಲ್ಲು ಹಾಸಿ ಬೂದಿ ತುಂಬಿ, ಮೇಲೆ ಬಿಸಿನೀರು ಸುರಿದೆ. ಕೆಳಗಿನ ಗಡಿಗೆಗೆ ತೊಟ್ಟು ತೊಟ್ಟಾಗಿ ಇಳಿದ ನೀರನ್ನು ಬೆರಳಲ್ಲಿ ಉಜ್ಜಿ ನೋಡಿದೆ. ಬೂದಿ ತಿಳಿ ಸರಿಯಾಗಿದ್ದರೆ ಬೆರಳು ಸೋಪು ಹಿಡಿದಂತೆ ಜಾರಬೇಕು. ಜಾರಲಿಲ್ಲ. ಕಬ್ಬಿನ ಸಿಪ್ಪೆಯ ಬೂದಿ ನೋಡಲು ಬೆಳ್ಳಗೆ, ಕೆಲಸಕ್ಕೆ ಬರೀ ಮಣ್ಣು. ಒಂದು ಇಡೀ ದಿನ ಹಾಳಾಯಿತು. ಬಸ್ಸಿನ ಡ್ರೈವರು ಬುಡನ್ ಸಾಬರು ನನ್ನ ಪಾಡು ನೋಡಿ ಬಸ್ಸಿನ ಇದ್ದಲು ಒಲೆಯ ಬೂದಿಯನ್ನು ಒಂದು ಡಬ್ಬ ತುಂಬಿ ಕೊಟ್ಟರು. ಅದರಲ್ಲಿ ಕುದಿಸಿದ ಒಂದು ಬಟ್ಟೆ ಬಸ್ಸಿನ ಬಣ್ಣಕ್ಕೇ ತಿರುಗಿತು. ಅದರ ಮೇಲೆ ಹಿಂಗಾರಿನ ಸೋನೆ ಬೇರೆ. ಬಿಸಿಲೇ ಇಲ್ಲ. ಮೈಸೂರಿನಲ್ಲಿ ನಮ್ಮ ಮೇಟ್ರನ್ ಅವರು ಗಂಟೆ ಬಾರಿಸಿದ ಹಾಗೆ ಕೆಲಸ ಕಲಿಸಿದ್ದರು: ಇಷ್ಟು ಹೊತ್ತಿಗೆ ಇದು, ಇದಾದ ಮೇಲೆ ಅದು. ಬೂದಿ ಕೊಡದ ಊರಲ್ಲಿ ಏನು ಮಾಡಬೇಕೆಂದು ಅವರು ಹೇಳಿರಲಿಲ್ಲ.

ಶನಿವಾರ ಸಂತೆಯ ದಾರಿಯಲ್ಲಿ ಕೆಂಪಮ್ಮ ಬಂದಳು. ಕೋಣೆಯ ಬಾಗಿಲಲ್ಲೇ ನಿಂತು ಮೂಗೆಳೆದಳು.

"ನಾತ ಎಲ್ಲವ್ವ?"

ಮುಗಿದಿದೆ, ಬರುವುದು ತಡ ಎಂದೆ. ಹಾಗಾದರೆ ಸೊಸೆ ಮನೆಯಲ್ಲೇ ಹೆರಲಿ ಎಂದು ಅವಳು ತಿರುಗಿಯೇಬಿಟ್ಟಳು. ಆರು ತಿಂಗಳ ಓಡಾಟ ಆ ತಿರುಗಿದ ಬೆನ್ನಿನಲ್ಲಿ ಹೋಗುತ್ತಿತ್ತು. ನಾನು ಅಡ್ಡ ಹೋಗಿ ನಿಂತು ನಡೆದದ್ದೆಲ್ಲ ಹೇಳಿದೆ, ಸ್ವಲ್ಪ ಗಟ್ಟಿಯಾಗಿಯೇ. ಬೂದಿ ಇದ್ದರೆ ಎಲ್ಲವನ್ನೂ ಶುದ್ಧ ಮಾಡಿ ತೋರಿಸುತ್ತೇನೆ, ಆದರೆ ಈ ಊರಲ್ಲಿ ಒಂದು ಹಿಡಿ ಬೂದಿ ಕೊಡುವವರಿಲ್ಲ ಎಂದೆ. ಅವಳು ಸೊಂಟಕ್ಕೆ ಕೈಯಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಯಾರವ್ವ ಕೊಟ್ಟಾರು? ಇನ್ನೊಬ್ರ ಪುರುಡ್ಗೆ ತಮ್ಮ ಒಲೆ ಬೂದಿಯ? ಓದ್ದೋಳಂತೆ, ಇಷ್ಟೂ ತಿಳೀದಾ? ಪುರುಡು ಯಾರ್ದೋ ಬೂದಿನೂ ಅವರ್ದೇ. ನಮ್ಮ ಸೊಸೆ ಎರೋದಾದ್ರೆ ನಮ್ಮೊಲೆ ಬೂದಿ ತಕ್ಕೊ. ಕೇಳುದ್ರೆ ಬ್ಯಾಡ ಅಂದಿದ್ನಾ?"

ನಾನು ಕೇಳಿರಲೇ ಇಲ್ಲ. ಗರ್ಭಿಣಿಯ ಮನೆಯಿಂದ ಬೂದಿ ಹೊರಿಸಬೇಕೆಂದು ಯಾರಿಗೆ ಹೊಳೆಯುತ್ತದೆ? ಅವಳು ಇನ್ನೂ ಒಂದು ಮಾತು ಸೇರಿಸಿದಳು. ಸ್ವಂತ ಮನೆಯ ಒಲೆ ಬೂದಿ ಇದ್ದ ಕಡೆ ಗಾಳಿಯೂ ಹತ್ತಿರ ಸುಳಿಯುವುದಿಲ್ಲ ಎಂದಳು. ಆ ಮಾತನ್ನು ನಾನು ತಿದ್ದಲಿಲ್ಲ. ಬೂದಿ ಬಂದರೆ ಸಾಕಾಗಿತ್ತು.

ಮರುದಿನ ಅವಳೇ ಹೊತ್ತು ತಂದಳು. ತೆಂಗಿನ ಮಟ್ಟೆ, ಜಾಲಿ ಸೌದೆ ಉರಿದ ಬೂದಿ. ಒಂದೇ ಸಲಕ್ಕೆ ತಿಳಿ ಹೊಂಬಣ್ಣಕ್ಕೆ ಇಳಿಯಿತು, ಬೆರಳು ಜಾರಿತು. ಆಮೇಲೆ ನಾನೂ ಸಾಕಮ್ಮನೂ ಕೂರಲಿಲ್ಲ. ಕೆಂಪಮ್ಮನನ್ನೂ ಸೇರಿಸಿಕೊಂಡು ಬಟ್ಟೆಗಳನ್ನೆಲ್ಲ ತಿಳಿಯಲ್ಲಿ ಕುದಿಸಿ, ಒಗೆದು, ಜಾಲಾಡಿ, ಮೋಡ ಸರಿದ ಗಳಿಗೆಗೆ ಕಾದು ಹರವಿದೆವು. ಬಿಸಿ ತಿಳಿ ಚೆಲ್ಲಿ ತೆಂಗಿನ ನಾರಿನಲ್ಲಿ ಗಾರೆ ನೆಲ ಉಜ್ಜಿದೆವು. ಗೋಡೆಗೆ ಸುಣ್ಣ. ಮಂಚದ ಸರಳು ಸರಳನ್ನೂ ತಿಳಿಯಿಂದ ಒರೆಸಿ ಆಮೇಲೆ ಕುದಿನೀರು ಹೊಯ್ದೆವು. ಹಿತ್ತಾಳೆ ತಟ್ಟೆಗಳಿಗೆ ಹುಣಸೆಹಣ್ಣು. ಕೈ ತೊಳೆಯಲು ಅಂಟುವಾಳದ ನೊರೆ. ಕತ್ತರಿ, ದಾರ, ಬಟ್ಟಲು, ಇವಕ್ಕೆ ಮಾತ್ರ ಇವಾವುದೂ ಸಾಲದು. ಅವನ್ನು ಬೇರೆ ಪಾತ್ರೆಯಲ್ಲಿ ಕುದಿಸಿ ಮುಚ್ಚಿಟ್ಟೆ. ನನ್ನ ಅಂಗೈ ಸುಲಿದು ಕೆಂಪಾಯಿತು. ಬೂದಿಯ ತಿಳಿ ಯಾರ ಚರ್ಮಕ್ಕೂ ದಯೆ ತೋರಿಸುವುದಿಲ್ಲ. ಇದನ್ನು ಸೀಸೆಯ ಮೇಲೆ ಯಾರೂ ಬರೆಯುವುದಿಲ್ಲ.

ಗುರುವಾರ ಡಾಕ್ಟರು ಬಂದರು. ಬಾಗಿಲಲ್ಲಿ ನಿಂತರು. ಕೆಂಪಮ್ಮ ಎಳೆದ ಹಾಗೆಯೇ ಮೂಗೆಳೆದರು.

"ತೊಳೆದಿದ್ದೀರಾ ಸಿಸ್ಟರ್?"

"ಮೂರು ಸಲ, ಸರ್."

"ವಾಸನೆಯೇ ಬರ್ತಿಲ್ಲವಲ್ಲ."

"ವಾಸನೆ ಕೊಳೆಗೆ ಇರುತ್ತೆ ಸರ್. ಕೊಳೆ ಹೋದ ಮೇಲೆ ಯಾವ ವಾಸನೆ ಬರಬೇಕು?"

ಅವರಿಗೆ ಇಷ್ಟವಾಗಲಿಲ್ಲ. ಗೋಡೆ ಮುಟ್ಟಿ ನೋಡಿದರು, ಮಂಚದ ಕೆಳಗೆ ಬಗ್ಗಿ ನೋಡಿದರು, ಏನೂ ಸಿಗಲಿಲ್ಲವೆಂಬುದೂ ಇಷ್ಟವಾಗಲಿಲ್ಲ. ಕೊನೆಗೆ, ಒಂದು ಹೆರಿಗೆ ಮಾಡಿ, ನಿಮ್ಮ ಜವಾಬ್ದಾರಿಯ ಮೇಲೆ; ಆ ತಾಯಿಗಾಗಲಿ ಮಗುವಿಗಾಗಲಿ ಏನಾದರೂ ಆದರೆ ಕೋಣೆಗೆ ಬೀಗ ಬೀಳುತ್ತದೆ, ಮತ್ತೆ ತೆಗೆಯುವ ಮಾತಿಲ್ಲ ಎಂದರು. ಓದಿದ ಡಾಕ್ಟರು, ಓದದ ಕೆಂಪಮ್ಮ, ಇಬ್ಬರ ಮೂಗೂ ಒಂದೇ ಕಡೆಗೆ ತಿರುಗಿತ್ತು. ನಾನು ಸಿಟ್ಟಿನಿಂದ ಆ ದಿನ ಊಟ ಮಾಡಲಿಲ್ಲ.

ಪುಟ್ಟತಾಯಿಗೆ ಮುಂದಿನ ಬುಧವಾರ ನೋವು ಬಂತು. ಬೆಳಿಗ್ಗೆ ಗಾಡಿಯಲ್ಲಿ ತಂದರು, ಮಧ್ಯಾಹ್ನದೊಳಗೆ ಹೆಣ್ಣು ಮಗು ಹುಟ್ಟಿತು. ಸಲೀಸಾದ ಹೆರಿಗೆ. ಕುದಿಸಿದ ದಾರದಿಂದ ಕಟ್ಟಿ, ಕುದಿಸಿದ ಕತ್ತರಿಯಿಂದ ಬಳ್ಳಿ ಕೊಯ್ದು, ಒಣಗಿದ ಶುದ್ಧ ಬಟ್ಟೆ ಸುತ್ತಿದೆ. ಇನ್ನು ಏನನ್ನೂ ಹಚ್ಚಬೇಡಿ, ಮುಟ್ಟಬೇಡಿ, ತಾನಾಗಿ ಒಣಗಿ ಬೀಳುತ್ತದೆ ಎಂದು ಎಲ್ಲರೆದುರು ಹೇಳಿದೆ. ಪುಟ್ಟತಾಯಿ ಮಗುವನ್ನು ನೋಡಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದಳು. ಹಾಲು ಕೊಡು ಎಂದರೆ ಕೊಟ್ಟಳು, ಮತ್ತೆ ಗೋಡೆಯ ಕಡೆ ತಿರುಗಿದಳು. ಎರಡು ಸಲ ಮೋಸ ಹೋದವಳು. ಈ ಸಲ ಎಂಟು ದಿನ ಕಳೆಯುವವರೆಗೆ ಆಸೆ ಇಟ್ಟುಕೊಳ್ಳುವುದಿಲ್ಲವೆಂದು ತೀರ್ಮಾನಿಸಿದಂತಿತ್ತು.

ಐದನೇ ದಿನ ನಾನು ಒಲೆಮನೆಯಿಂದ ಬಟ್ಟೆ ಹಿಂಡಿಕೊಂಡು ಒಳಗೆ ಬಂದೆ. ಕೆಂಪಮ್ಮ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಬಟ್ಟೆ ಬಿಚ್ಚಿದ್ದಳು. ಪಕ್ಕದಲ್ಲಿ ತೆಂಗಿನ ಚಿಪ್ಪು. ಚಿಪ್ಪಿನಲ್ಲಿ ಹರಳೆಣ್ಣೆಯಲ್ಲಿ ಕಲಸಿದ ಬೂದಿ.

"ಏನಮ್ಮ ಅದು?"

"ಬೂದಿ ಕಣವ್ವ. ನೀನೇ ಅಲ್ವ, ಬೂದೀಲಿ ಎಲ್ಲಾ ಸುದ್ದ ಆಯ್ತದೆ ಅಂದೋಳು? ನೆಲಕ್ಕಾಯ್ತು, ಬಟ್ಟೆಗಾಯ್ತು, ಮಗೀನ ಒಕ್ಳುಗೆ ಆಗ್ದಾ? ನೆನ್ನೆನೂ ವಸಿ ಅಚ್ಚಿದ್ದೆ."

ಅವಳು ಕದ್ದು ಮಾಡುತ್ತಿರಲಿಲ್ಲ. ನನಗೆ ಸಹಾಯ ಮಾಡುತ್ತಿದ್ದಳು. ಎರಡು ವಾರ ಊರೆಲ್ಲ ಸುತ್ತಿ ಬೂದಿಯ ಗುಣಗಾನ ಮಾಡಿದವಳು ನಾನು. ಅದನ್ನು ನಂಬಿದ ಒಬ್ಬಳೇ ಒಬ್ಬಳು ಇವಳು. ಚಿಪ್ಪನ್ನು ಕಿತ್ತು ಅಂಗಳಕ್ಕೆ ಎಸೆದೆ. ಮಗು ಬೆಚ್ಚಿ ಅತ್ತಿತು. ಅದು ಅತ್ತಾಗ ಬಾಯಿ ಎಷ್ಟು ತೆರೆಯಿತು ಎಂದೇ ಮೊದಲು ನೋಡಿದೆ.

"ಕೆಂಪಮ್ಮ, ಬಟ್ಟೆಯನ್ನು ಬೂದಿ ನೀರಲ್ಲಿ ಹಾಕಿ ಆಮೇಲೆ ಏನು ಮಾಡಿದ್ವಿ?"

"ಬೇಯಿಸ್ದೊ."

"ಆಮೇಲೆ?"

"ಬಂಡೆಗೆ ಒಗದೊ."

"ಆಮೇಲೆ ಬಿಸಿಲಿಗೆ ಹಾಕಿದ್ವಿ. ಮಗುವನ್ನು ಬೇಯಿಸ್ತೀರಾ? ಬಂಡೆಗೆ ಒಗೀತೀರಾ? ಬೂದಿ ಹಚ್ಚಿದ್ದರಿಂದ ಯಾವುದೂ ಶುದ್ಧವಾಗಲಿಲ್ಲ. ಬೂದಿ ಜಿಡ್ಡು ಬಿಡಿಸಿತು, ಬೆಂಕಿ ಶುದ್ಧ ಮಾಡಿತು. ನಿಮ್ಮ ಆ ಎರಡು ಮಕ್ಕಳ ಹೊಕ್ಕಳಿಗೂ ಇದನ್ನೇ ಮೆತ್ತಿದ್ದಿರಿ."

ಕೊನೆಯ ಮಾತು ಹೇಳಬೇಕೆಂದು ಹೇಳಿದ್ದಲ್ಲ, ಬಂದುಬಿಟ್ಟಿತು. ಕೆಂಪಮ್ಮನ ಕೈ ಮಗುವಿನ ಹೊಟ್ಟೆಯ ಮೇಲೆ ಹಾಗೇ ನಿಂತಿತು. ಗೋಡೆಯ ಕಡೆ ತಿರುಗಿದ್ದ ಪುಟ್ಟತಾಯಿ ಎದ್ದು ಕೂತು, ಕೈ ಚಾಚಿ ಮಗುವನ್ನು ಅತ್ತೆಯ ಕಾಲ ಮೇಲಿಂದ ಎತ್ತಿಕೊಂಡಳು. ಆಮೇಲೆ ಅದನ್ನು ಯಾರಿಗೂ ಕೊಡಲಿಲ್ಲ. ಸ್ನಾನಕ್ಕೆ ನನಗೆ ಮಾತ್ರ ಕೊಡುತ್ತಿದ್ದಳು, ಕಣ್ಣು ಕೀಳದೆ ನೋಡುತ್ತಿದ್ದಳು.

ಕುದಿಸಿ ಆರಿದ ನೀರಿನಿಂದ ಹೊಕ್ಕಳನ್ನು ಒರೆಸಿ, ಇದ್ದ ನಾಲ್ಕು ತೊಟ್ಟು ಸ್ಪಿರಿಟ್ಟನ್ನು ಹಚ್ಚಿದೆ. ಅದು ಬಿಟ್ಟರೆ ಮಾಡುವುದೇನೂ ಇರಲಿಲ್ಲ. ಕಾಯುವುದು ನನಗೆ ಬಾರದ ವಿದ್ಯೆ. ಪ್ರತಿ ಸಲ ಹಾಲು ಕುಡಿಯುವಾಗಲೂ ಹತ್ತಿರ ಹೋಗಿ ದವಡೆ ಆಡುತ್ತಿದೆಯೇ ಎಂದು ನೋಡುತ್ತಿದ್ದೆ. ಕೆಂಪಮ್ಮ ರಾಗಿ ಕೊಯ್ಲಿಗೆಂದು ಮನೆಗೆ ಹೋಗಿ ಬಂದು ಮಾಡುತ್ತಿದ್ದಳು. ಬಂದರೂ ಬಾಗಿಲ ಹೊರಗೇ ಕೂರುತ್ತಿದ್ದಳು. ನನ್ನೊಡನೆ ಮಾತಿಲ್ಲ. ಆದರೆ ಬೂದಿಯ ಮಂಕರಿ ಮಾತ್ರ ತಪ್ಪದೆ ತಂದು ಒಲೆಮನೆಯಲ್ಲಿ ಇಟ್ಟು ಹೋಗುತ್ತಿದ್ದಳು. ಏಳನೇ ದಿನ ಬಳ್ಳಿ ಉದುರಿತು. ಕೆಳಗೆ ಒಣಗಿದ್ದು, ಶುದ್ಧ. ಎಂಟನೇ ದಿನ ಪುಟ್ಟತಾಯಿ ಅನ್ನ ಮುಟ್ಟಲಿಲ್ಲ. ನಾನೂ ಒತ್ತಾಯಿಸಲಿಲ್ಲ.

ಒಂಬತ್ತನೇ ದಿನ ಬೆಳಿಗ್ಗೆ ಮಗು ಹಸಿವಿಗೆ ಇಡೀ ಕೇರಿಗೆ ಕೇಳುವ ಹಾಗೆ ಚೀರಿ, ಮೊಲೆಗೆ ಬಾಯಿ ಹಾಕಿ, ಸಾಕಾಗುವಷ್ಟು ಕುಡಿದು, ತೇಗಿ ಮಲಗಿತು. ಪುಟ್ಟತಾಯಿ ಅದರ ಬಾಯಂಚಿನ ಹಾಲು ಒರೆಸಿ, "ಇವತ್ತು ಒಂಬತ್ತು ಕಣಮ್ಮ" ಎಂದಳು. ಹೆರಿಗೆಯಾದ ಮೇಲೆ ಅವಳು ತಾನಾಗಿ ಆಡಿದ ಮೊದಲ ಮಾತು.

ಹಿಂದಿನ ಗುರುವಾರ ಬಸ್ಸು ಕೆಟ್ಟು ಬರಲಾಗದಿದ್ದ ಡಾಕ್ಟರು ಅದೇ ದಿನ ಹತ್ತು ಗಂಟೆಯ ಬಸ್ಸಿಗೆ ಬಂದರು. ಅವರ ಜೊತೆ ಫಿನಾಯಿಲ್ ಡಬ್ಬವೂ ಬಂತು. ಮಗುವನ್ನು ನೋಡಿದರು, ತಾಯಿಯನ್ನು ನೋಡಿದರು, ತಲೆಯಾಡಿಸಿದರು. ಬೂದಿ ಹಚ್ಚಿದ ವಿಷಯ ನಾನೇ ಹೇಳಿದೆ. ಮುಚ್ಚಿಡುವ ಅಭ್ಯಾಸ ನನಗಿಲ್ಲ. ಅವರು, ನೋಡಿ, ಕಣ್ಣೆದುರಿಗೆ ಬೂದಿ ಇಟ್ಟರೆ ಇವರು ಇನ್ನೇನು ಮಾಡುತ್ತಾರೆ, ಆ ಗಡಿಗೆಗಳನ್ನೆಲ್ಲ ಇವತ್ತೇ ಇಲ್ಲಿಂದ ಎತ್ತಿಸಿ ಎಂದರು. ಅದರಲ್ಲಿ ಅರ್ಧ ನಿಜವಿತ್ತು. ಅದೇ ಹೆಚ್ಚು ಕಿರಿಕಿರಿ. ಪೂರ್ತಿ ಸುಳ್ಳಾಗಿದ್ದರೆ ವಾದ ಮಾಡಬಹುದಿತ್ತು. ತಾವೇ ಡಬ್ಬ ಒಡೆಸಿ ನೆಲಕ್ಕೆ ಹೊಯ್ಯಿಸಿದರು. ನಾವು ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದ ನೆಲದ ಮೇಲೆ ಹಾಲಿನಂಥ ನೀರು ಹರಿಯಿತು. ವಾಸನೆ ಬೀದಿಯವರೆಗೆ ಹೋಯಿತು. ಹೊರಗೆ ಕೂತಿದ್ದ ಕೆಂಪಮ್ಮ ಸೆರಗು ಮುಚ್ಚಿಕೊಂಡು ತೃಪ್ತಿಯಿಂದ, "ಈಗ ಆಸ್ಪತ್ರೆ ಆಯ್ತು ಬುಡು" ಎಂದಳು. ಡಾಕ್ಟರು ನಕ್ಕರು. ಆ ಇಡೀ ಕಾರ್ತಿಕದಲ್ಲಿ ಆ ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿಕೊಂಡದ್ದು ಅದೊಂದೇ ಸಲ.

ಗಡಿಗೆಗಳನ್ನು ಎತ್ತಿಸಿದೆ. ಇಲ್ಲಿಂದ ಎತ್ತಿಸಿ ಎಂದಿದ್ದರು. ನನ್ನ ವಾಸದ ಕೋಣೆಯ ಹಿತ್ತಲಿಗೆ ಎತ್ತಿಸಿದೆ. ನೆಲಕ್ಕೂ ಚರಂಡಿಗೂ ಫಿನಾಯಿಲ್ ಇರಲಿ. ಆ ಒಂದು ಡಬ್ಬದಲ್ಲಿ ಎಷ್ಟು ಬಟ್ಟೆ ಒಗೆಯಲಾಗುತ್ತದೆ, ಎಷ್ಟು ದಿನ ಬರುತ್ತದೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಮಧ್ಯಾಹ್ನ ಪುಟ್ಟತಾಯಿಯನ್ನು ಕರೆದೊಯ್ಯಲು ಗಾಡಿ ಬಂತು. ಕೆಂಪಮ್ಮ ಮೊದಲು ಹತ್ತಿ ಹುಲ್ಲು ಸರಿಮಾಡಿ ಸೊಸೆಗೆ ಜಾಗ ಮಾಡಿದಳು, ಮಗುವಿಗೆ ಕೈ ಚಾಚಿದಳು. ಪುಟ್ಟತಾಯಿ ಒಂದು ಗಳಿಗೆ ನಿಂತಳು. ಆಮೇಲೆ ಕೊಟ್ಟಳು. ಗಾಡಿ ಹೊರಟ ಮೇಲೆ ಕೆಂಪಮ್ಮ ನನ್ನ ಕಡೆ ನೋಡದೆ, ದಾರಿಯ ಕಡೆಗೆ ಮುಖ ಮಾಡಿ, "ಬತ್ತೀನಿ ನರ್ಸಮ್ಮ" ಎಂದಳು.

ಮಂಚ ಒರೆಸಿ, ಹಾಸಿಗೆ ಬಿಸಿಲಿಗೆ ಹಾಕಿ ತಿರುಗುವಷ್ಟರಲ್ಲಿ ಇನ್ನೊಂದು ಗಾಡಿ. ಆತಗೂರು ಕಡೆಯವರು. ಗೊತ್ತಿಲ್ಲದ ಮುಖಗಳು. ತುಂಬು ಬಸುರಿಯೊಬ್ಬಳು ಕಷ್ಟಪಟ್ಟು ಇಳಿದಳು. ಅವಳ ಗಂಡ ಹಿಂದಿನಿಂದ ಒಂದು ಮಂಕರಿಯನ್ನು ಎತ್ತಿಕೊಂಡು ಮೆಟ್ಟಿಲ ಬಳಿ ನಿಂತ. ಮೇಲೆ ಮುತ್ತುಗದ ಎಲೆ ಮುಚ್ಚಿತ್ತು. ಒಳಗೆ ಬೂದಿ.

ಇದನ್ನು ತರಲು ಯಾರು ಹೇಳಿದರು ಎಂದು ಕೇಳಿದೆ.

"ಕೆಂಪವ್ವ ಏಳುದ್ರು, ಮೊನ್ನೆ ಕಣದಲ್ಲಿ. ಇಲ್ಲಿ ಎರಿಗೆ ಆಗ್ಬೇಕಾದ್ರೆ ಅವರವರ ಒಲೆ ಬೂದಿ ತರ್ಬೇಕಂತೆ." ಅವನು ಮಂಕರಿಯನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿದ. "ಬಟ್ಟೆಗೆ ಮಾತ್ರವಂತೆ. ಒಕ್ಳುಗೆ ಅಚ್ಚುದ್ರೆ ನರ್ಸಮ್ಮ ಒಡೀತಾಳೆ ಅಂದ್ರು."

ಬಸುರಿಯನ್ನು ಸಾಕಮ್ಮ ಒಳಗೆ ಕರೆದೊಯ್ದಳು. ನೋವು ಇನ್ನೂ ದೂರವಿತ್ತು, ಹೊತ್ತು ಇಳಿಯಲು ಸಮಯವಿತ್ತು. ಮಂಕರಿಯನ್ನು ಹಿತ್ತಲಿಗೆ ಒಯ್ದು, ಇದ್ದಲಿನ ಚೂರು ಹೆಕ್ಕಿ, ಬೂದಿ ಜರಡಿ ಹಿಡಿದೆ. ತೂತಿನ ಗಡಿಗೆಗೆ ಹೊಸ ಹುಲ್ಲು ಹಾಸಿದೆ. ಬೂದಿ ತುಂಬಿ, ಬಿಸಿನೀರು ಹೊಯ್ದು, ಮೇಲೆ ಬಟ್ಟೆ ಕಟ್ಟಿದೆ. ಮೊದಲ ತೊಟ್ಟು ಕೆಳಗೆ ಬಿದ್ದದ್ದನ್ನು ನೋಡಿ, ಕೈ ತೊಳೆದುಕೊಂಡು ಒಳಗೆ ಹೋದೆ.